ಟ್ರ್ಯಾಕ್ಟರಿಗೆ ಹಾಕೂ ನೀರು ಕೊಡ್ರಿ

ಸಂಶಿಯ ಮಿಸ್ತ್ರಿಯವರು ತೀರಿಕೊಂಡು ಒಂದು ತಿಂಗಳಾಯಿತು. ನಮ್ಮ ಹಳೆಯ ಟ್ರ್ಯಾಕ್ಟರನ್ನು ಬದುಕಿಸಿಕೊಟ್ಟವರು ಅವರು. ನಮ್ಮ ಮನೆಗೆ ಬಂದದ್ದು ಮೂರೇ ಸಲ, ಅದೂ ಹತ್ತು ವರ್ಷದ ಹಿಂದೆ. ಮೂರು ಸಲ ಬಂದು ಹೋದವರ ಬಗ್ಗೆ ಬರೆಯುವುದೇನಿದೆ ಎಂದು ಯಾರಿಗಾದರೂ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಅವರ ಮನೆಯವರನ್ನು ಮಾತಾಡಿಸಿ ಬಂದ ದಿನದಿಂದ ಒಂದು ಪ್ರಶ್ನೆ ತಲೆಯೊಳಗೆ ಕುಳಿತುಬಿಟ್ಟಿದೆ. ಅವರು ನಮ್ಮ ಮನೆಯಲ್ಲಿ ನೀರು ಕೇಳಿದ್ದರು, ನಾವು ಕೊಟ್ಟಿದ್ದೆವು. ಕೇಳಿದ್ದು ಯಾವ ನೀರು, ಕೊಡದೆ ಉಳಿದದ್ದು ಯಾವ ನೀರು, ತಪ್ಪು ಯಾರದು ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಕಾರಣ ಗೊತ್ತಾಗದ ಸಂಗತಿ ಇದ್ದರೆ ನನಗೆ ಊಟ ಸೇರುವುದಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೂ ಆ ಹೆಸರು ಹಿಡಿದು ಕರೆದವರು ಕಡಿಮೆ. ಸುತ್ತಲಿನ ಊರುಗಳಲ್ಲಿ ಹಳೆಯ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆಲ್ಲ ಅವರು ಬರೀ ಮಿಸ್ತ್ರಿ. ತೆಳ್ಳಗಿನ ಮನುಷ್ಯ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಣ್ಣೆ ಮಸಿಯ ಕೆಲಸಕ್ಕೆ ಬಿಳಿ ಅಂಗಿ ತೊಟ್ಟು ಬರುವ ಮಿಸ್ತ್ರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಂದ ಕೂಡಲೇ ಅಂಗಿ ಬಿಚ್ಚಿ, ಮಡಿಚಿ, ಮೊಪೆಡ್ಡಿನ ಸೀಟಿನ ಮೇಲಿಟ್ಟು ಬನಿಯನ್ನಿನಲ್ಲಿ ಕೆಲಸಕ್ಕೆ ಇಳಿಯುವರು. ಮುಗಿದ ಮೇಲೆ ಕೈ ತೊಳೆದು, ಅಂಗಿ ತೊಟ್ಟು, ಕುತ್ತಿಗೆಯ ಗುಂಡಿಯವರೆಗೂ ಹಾಕಿಕೊಂಡ ಮೇಲೆಯೇ ರೋಗ ಏನೆಂದು ಹೇಳುವುದು. ನಡುವೆ ಎಷ್ಟು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ನನಗೆ ಅದರಿಂದ ಸಿಟ್ಟು ಬರುತ್ತಿತ್ತು.

ಟ್ರ್ಯಾಕ್ಟರು ಅಪ್ಪ ಕೊಂಡದ್ದು. ಅಪ್ಪ ಹೋದ ಮೇಲೆ ಶಾಲೆಯ ರಜೆಗಳಲ್ಲಿ, ಭಾನುವಾರಗಳಲ್ಲಿ ನಾನೇ ಓಡಿಸುತ್ತಿದ್ದೆ. ಆ ವರ್ಷ ಹೆಸರುಕಾಳಿನ ರಾಶಿ ಮುಗಿದು, ಹಿಂಗಾರಿ ಕಡಲೆಗೆ ಹೊಲ ಸಿದ್ಧ ಮಾಡುವಾಗ ಅದು ಕಾಯತೊಡಗಿತು. ಸಂತೆಗೆ ಟ್ರೇಲರ್ ಕಟ್ಟಿಕೊಂಡು ಹೋದರೆ ಏನೂ ಇಲ್ಲ. ಹೊಲಕ್ಕೆ ಇಳಿದು ಒಂದು ತಾಸು ಹರಗಿದರೆ ಮೀಟರಿನ ಮುಳ್ಳು ಕೆಂಪಿಗೆ ಹತ್ತಿ, ರೇಡಿಯೇಟರಿನ ಮುಚ್ಚಳದಿಂದ ಉಗಿ ಸಿಳ್ಳೆ ಹಾಕುತ್ತಿತ್ತು. ತಣ್ಣಗಾಗಲು ಬಿಟ್ಟು, ಕೊಡಗಟ್ಟಲೆ ನೀರು ತುಂಬಿ, ಮತ್ತೆ ಒಂದು ತಾಸು. ನಮ್ಮದು ಕಪ್ಪು ಮಣ್ಣಿನ ಎರೆ ಹೊಲ. ಮಳೆ ನಿಂತು ಕೆಲವೇ ದಿನ ಹದ ಇರುತ್ತದೆ. ಅದು ತಪ್ಪಿದರೆ ನೆಲ ಬಿರಿದು ಬೀಜ ಮೇಲೇಳುವುದಿಲ್ಲ. ಬಾಡಿಗೆಗೆ ತರೋಣವೆಂದರೆ ಆ ದಿನಗಳಲ್ಲಿ ಯಾರ ಟ್ರ್ಯಾಕ್ಟರೂ ಖಾಲಿ ಇರುವುದಿಲ್ಲ. ಎಲ್ಲರ ಹೊಲಕ್ಕೂ ಹದ ಒಮ್ಮೆಲೇ ಬರುತ್ತದಲ್ಲ.

ಅಷ್ಟರಲ್ಲಿ ಮೂವರು ಮಿಸ್ತ್ರಿಗಳು ನೋಡಿ ಹೋಗಿದ್ದರು. ಒಬ್ಬ ಥರ್ಮೋಸ್ಟಾಟ್ ಕಿತ್ತು ಬಿಸಾಡಿದ. ಇನ್ನೊಬ್ಬ ವಾಟರ್ ಪಂಪು, ಫ್ಯಾನ್ ಬೆಲ್ಟು ಎರಡನ್ನೂ ಬದಲಿಸಿದ. ಮೂರನೆಯವನು ಹೆಡ್ ಗ್ಯಾಸ್ಕೆಟ್ ಸುಟ್ಟಿದೆ ಎಂದು ಇಂಜಿನ್ನನ್ನೇ ಬಿಚ್ಚಿ ಕಟ್ಟಿದ. ಟ್ರ್ಯಾಕ್ಟರು ಮೂವರ ಮಾತನ್ನೂ ಗೌರವದಿಂದ ಕೇಳಿಸಿಕೊಂಡು ಮೊದಲಿನಂತೆಯೇ ಕುದಿಯಿತು. ಗುಜರಿಗೆ ಹಾಕುವುದೋ ಇಟ್ಟುಕೊಳ್ಳುವುದೋ ಎಂಬ ಸ್ಥಿತಿಗೆ ಬಂದಾಗ ಸಂಶಿಯ ಬೀಜದ ಅಂಗಡಿಯವರು, ನಮ್ಮ ಮಿಸ್ತ್ರಿಯನ್ನು ಒಮ್ಮೆ ಕರೆಸಿ ನೋಡಿ ಎಂದರು.

ಅವರು ಬಂದರು. ಅಂಗಿ ಬಿಚ್ಚಿಟ್ಟರು. ನಾನು ನಡೆದದ್ದನ್ನೆಲ್ಲ ಪಾಠ ಒಪ್ಪಿಸುವಂತೆ ಹೇಳಿದೆ. ಬಿಚ್ಚಿ ತೆಗೆದ ಹಳೆಯ ಸಾಮಾನುಗಳನ್ನೂ ಮುಂದೆ ಇಟ್ಟೆ. ಅವರು ಅವುಗಳ ಕಡೆ ನೋಡಲೇ ಇಲ್ಲ.

"ಮಾಸ್ತರ್ರ, ಮೊದ್ಲ ಒಂದ್ ಲೋಟ ನೀರು ಕೊಡ್ರಿ" ಎಂದರು.

ನಾನು ಒಳಗೆ ಹೊರಟೆ. "ಅಲ್ರೀ, ಒಳಗಿಂದ ಬ್ಯಾಡ. ಟ್ರ್ಯಾಕ್ಟರಿಗೆ ಹಾಕೂ ನೀರು ಕೊಡ್ರಿ" ಎಂದರು.

ಅಂಗಳದ ಮೂಲೆಯ ಬೋರಿನ ನಳದಿಂದ ಪ್ಲಾಸ್ಟಿಕ್ ಮಗ್ಗಿನಲ್ಲಿ ಹಿಡಿದು ಕೊಟ್ಟೆ. ಅವರು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಗಲ್ಲದಿಂದ ಗಲ್ಲಕ್ಕೆ ಹೊರಳಾಡಿಸಿ, ಉಗುಳಿದರು. ಇನ್ನೊಂದು ಗುಟುಕನ್ನು ನುಂಗಿದರು. ನಮ್ಮ ಬೋರಿನ ನೀರು ಸವಳು. ಆಕಳು ಕೂಡ ಮೂಸಿ ನೋಡಿ, ಬೇರೆ ದಾರಿ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಕುಡಿಯುತ್ತದೆ.

"ಇದನ್ನ ಎಷ್ಟ ವರ್ಷದಿಂದ ಹಾಕಾಕತ್ತೀರಿ?"

"ಬೋರ್ ಹಾಕಸಿದಾಗಿಂದ. ಹತ್ತ ಹನ್ನೆರಡ ವರ್ಷ ಆತು."

"ಇತ್ತಿತ್ಲಾಗ ಭಾಳ ಹಾಕಾಕತ್ತೀರಿ, ಹೌದಿಲ್ಲೋ?"

"ಕುದ್ದ ಹೋಕ್ಕೈತಲ್ರಿ. ಹಾಕಲೇಬೇಕು."

ಅವರು ತಲೆಯಾಡಿಸಿದರು, ಅಷ್ಟೇ. ಆಮೇಲೆ ರೇಡಿಯೇಟರಿನ ಜಾಳಿಗೆಯ ಹಿಂದೆ ಕೈ ಬ್ಯಾಟರಿಯ ಬೆಳಕು ಹಿಡಿದು, ರಾಶಿಯ ಹೊಟ್ಟು ಸಿಕ್ಕಿದೆಯೇ ಎಂದು ನೋಡಿದರು. ಇರಲಿಲ್ಲ, ಅದನ್ನು ನಾನೇ ತೊಳೆದಿದ್ದೆ. ಮುಚ್ಚಳ ತೆಗೆದಿಟ್ಟು ತಣ್ಣಗಿದ್ದ ಇಂಜಿನ್ ಚಾಲೂ ಮಾಡಿಸಿ, ನೀರಿನಲ್ಲಿ ಗುಳ್ಳೆ ಏಳುತ್ತವೆಯೋ ಎಂದು ಬಗ್ಗಿ ನೋಡಿದರು. ಏಳಲಿಲ್ಲ. ಎದ್ದಿದ್ದರೆ ಗ್ಯಾಸ್ಕೆಟ್ ಹೋಗಿದೆ ಎಂದು ಅರ್ಥವಂತೆ. ಮುಚ್ಚಳ ಹಾಕಿ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ಬಂದ್ ಮಾಡಿಸಿದರು. ಫ್ಯಾನು ನಿಂತ ಮೇಲೆ ಎಡಗೈ ಅಂಗೈಯನ್ನು ರೇಡಿಯೇಟರಿನ ಮೇಲೆ ಅಂಗುಲ ಅಂಗುಲವಾಗಿ ಇಡುತ್ತ, ಎತ್ತುತ್ತ ಹೋದರು. ಯಾವಾಗಲೂ ಎಡಗೈ. ಕೇಳಿದ್ದಕ್ಕೆ, "ಬಲಗೈ ಪಾನಾ, ಸುತ್ತಿಗಿ ಹಿಡದ ಹಿಡದ ದಡ್ಡ ಆಗೈತ್ರಿ. ಎಡಗೈಗೆ ಇನ್ನೂ ಬುದ್ಧಿ ಐತಿ" ಎಂದಿದ್ದರು.

"ನಿಮ್ಮ ಕೈ ಕೊಡ್ರಿ" ಎಂದು ನನ್ನ ಕೈಯನ್ನು ಅಲ್ಲಿಟ್ಟರು. "ಇಲ್ಲಿ?"

"ಸುಡತೈತಿ."

"ಇಲ್ಲಿ?"

ಜಾಳಿಗೆಯ ನಡುವೆ ಎರಡು ಅಂಗೈ ಅಗಲದ ಜಾಗ ತಣ್ಣಗಿತ್ತು. ನನಗೆ ಖುಷಿಯಾಯಿತು, ಅಷ್ಟಾದರೂ ಚೆನ್ನಾಗಿದೆಯಲ್ಲ ಎಂದು. ಹಾಗೆಂದು ಹೇಳಿಯೂಬಿಟ್ಟೆ.

ಅವರು ಕೈ ತೊಳೆದು, ಅಂಗಿ ತೊಟ್ಟು, ಗುಂಡಿ ಹಾಕಿಕೊಂಡರು. ಆಮೇಲೆ ಅಂದರು: "ಮಾಸ್ತರ್ರ, ಕಾಯೂ ಟ್ರ್ಯಾಕ್ಟರಿನಾಗ ಬಿಸಿ ಇದ್ದಲ್ಲಿ ರೋಗ ಹುಡಕಬಾರದ್ರಿ. ಎಲ್ಲಾ ಸುಡಾಕತ್ತಿರೂಮುಂದ ಯಾವ ಜಾಗಾ ತಣ್ಣಗ ಕುಂತಿರತೈತಲ್ಲ, ಅದ ರೋಗ. ಅಲ್ಲಿಗೆ ನೀರ ಹೋಗವಲ್ದು."

ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವರು ಕಟ್ಟೆಯ ಮೇಲೆ ನಿಂತಿದ್ದ ಅವ್ವನ ಕಡೆ ತಿರುಗಿ, "ಅವ್ವಾರ, ನಿಮ್ಮ ಬಚ್ಚಲ ಹಂಡೇದ ತಳಾ ಹೆಂಗೈತ್ರಿ?" ಎಂದು ಕೇಳಿದರು.

"ಹೆಂಗಿರತೈತಿ? ಬೆಳ್ಳಗ ಸುಣ್ಣ ಹಿಡದೈತಿ. ಕೆತ್ತಿದ್ರ ಚಕ್ಕಳಾ ಬೀಳತಾವು."

"ಅದರ ತಮ್ಮ ಇದರ ಹೊಟ್ಯಾಗ ಕುಂತಾನ್ರಿ."

ನನ್ನ ಮುಖ ಹುಳ್ಳಗಾಯಿತು. ಗಡಸು ನೀರು, ಅದನ್ನು ಕಾಯಿಸಿದರೆ ಕಟ್ಟುವ ಪದರು, ಆ ಪದರು ಶಾಖವನ್ನು ತಡೆಯುವ ಬಗೆ, ಇದನ್ನೆಲ್ಲ ವರ್ಷಾ ವರ್ಷಾ ಕಪ್ಪು ಹಲಗೆಯ ಮೇಲೆ ಬರೆಯುವವನು ನಾನು. ಪರೀಕ್ಷೆಯಲ್ಲಿ ಬರೆಯದ ಹುಡುಗರಿಗೆ ಬೈದಿದ್ದೇನೆ. ಟ್ರ್ಯಾಕ್ಟರು ಕಾದಷ್ಟೂ ಸವಳು ನೀರು ತುಂಬುತ್ತಿದ್ದೆ. ತುಂಬಿದಷ್ಟೂ ನಳಿಗೆಗಳು ಕಟ್ಟಿ ಅದು ಇನ್ನಷ್ಟು ಕಾಯುತ್ತಿತ್ತು. ರೋಗಕ್ಕೆ ನಾನೇ ಮೂರು ಹೊತ್ತು ಉಣಿಸಿದ್ದೆ.

ರೇಡಿಯೇಟರ್ ಬಿಚ್ಚಿ ಹುಬ್ಬಳ್ಳಿಗೆ ಕಳಿಸಿ ಕಟ್ಟಿದ ನಳಿಗೆಗಳನ್ನು ಸಲಾಕೆಯಿಂದ ಚುಚ್ಚಿಸಿ ಬಿಡಿಸಬೇಕು, ಇಂಜಿನ್ನಿನ ಒಳಗನ್ನು ಬಟ್ಟೆ ಸೋಡಾ ಕಲಸಿದ ನೀರಿನಿಂದ ತೊಳೆಯಬೇಕು ಎಂದರು. ಅದೆಲ್ಲ ಸರಿ. ತೊಡಕು ಬಂದದ್ದು ಕೊನೆಯ ಮಾತಿಗೆ. ಇಂಜಿನ್ ತಣ್ಣಗಿಡುವ ಕೂಲಂಟ್ ದ್ರಾವಣ ಹಾಕಿದರೂ ಅದನ್ನು ಬೆರೆಸುವ ನೀರು ಸಿಹಿಯಾಗಿರಬೇಕು, ಕೆರೆಯ ನೀರೇ ಆಗಬೇಕು ಎಂದರು.

ನಮ್ಮೂರಿಗೆ ಆಗ ಫಿಲ್ಟರ್ ನೀರಿನ ಘಟಕ ಬಂದಿರಲಿಲ್ಲ. ಇದ್ದದ್ದು ಕುಡಿಯುವ ನೀರಿನ ಒಂದೇ ಕೆರೆ. ಸುತ್ತ ಬೇಲಿ, ಚಪ್ಪಲಿ ಹೊರಗೆ ಬಿಟ್ಟು ಇಳಿಯಬೇಕು. ಕೆರೆಯ ನೀರು ಕುಡಿಯಲು, ಬೇಳೆ ಬೇಯಿಸಲು ಮಾತ್ರ. ಮೈಗೆ, ಬಟ್ಟೆಗೆ, ದನಕ್ಕೆ, ಗಾಡಿಗೆ ಬೋರಿನ ನೀರು. ಯಾರೂ ಎಲ್ಲೂ ಬರೆದಿಡದ ಕಟ್ಟಳೆ ಇದು, ಆದರೆ ಮೀರಿದವರನ್ನು ನಾನು ನೋಡಿರಲಿಲ್ಲ.

"ಕೆರಿ ನೀರ ಮಂದಿ ಕುಡಿಯೂದು. ಯಂತ್ರಕ್ಕ ಹಾಕಿದ್ರ ಓಣಿ ಮಂದಿ ಸುಮ್ನ ಬಿಡ್ತಾರೇನು?" ಎಂದಳು ಅವ್ವ.

"ಅವ್ವಾರ, ದಸರಾದಾಗ ಖಂಡೇಪೂಜಿ ದಿನ ಇದಕ್ಕ ಮಾಲಿ ಹಾಕಿ, ಕಾಯಿ ಒಡದು ಕೈ ಮುಗೀತೀರಿ. ಪೂಜಿ ಮಾಡೂಮುಂದ ದೇವರು, ನೀರ ಕುಡಿಸೂಮುಂದ ಯಂತ್ರ ಅಂದ್ರ ಹೆಂಗ್ರಿ?"

ಅವ್ವ ನಕ್ಕುಬಿಟ್ಟಳು. ಅವ್ವನನ್ನು ಒಂದೇ ಮಾತಿನಲ್ಲಿ ಒಪ್ಪಿಸಿದವರನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಚಹಾ ಮಾಡಿ ತಂದಳು. ಪೇಪರ್ ಕಪ್ಪಿನಲ್ಲಿ ತಂದಳು. ಅವರು ಕುಡಿದು, ಕಪ್ಪನ್ನು ಹಿಸುಕಿ, ಅಂಗಳದಲ್ಲಿ ಎಸೆಯದೆ ತಮ್ಮ ಸಾಮಾನಿನ ಚೀಲಕ್ಕೆ ಹಾಕಿಕೊಂಡರು. ಎಷ್ಟು ಶಿಸ್ತಿನ ಮನುಷ್ಯ ಎಂದು ಮರುದಿನ ತರಗತಿಯಲ್ಲಿ ಮಕ್ಕಳಿಗೂ ಹೇಳಿದೆ.

ಅವರು ಯಾವ ಓಣಿಯವರು ಎಂಬುದು ಅವ್ವನಿಗೆ ಅವರು ಮೊಪೆಡ್ ನಿಲ್ಲಿಸುವ ಮೊದಲೇ ಗೊತ್ತಿತ್ತು. ನಮ್ಮ ಕಡೆ ಇದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ ಎಂದು ನಂಬಿಕೊಂಡಿದ್ದೆ. ಅಡುಗೆಮನೆಯ ಗೋಡೆಗೂಡಿನಲ್ಲಿ ಪೇಪರ್ ಕಪ್ಪಿನ ಕಟ್ಟು ಯಾಕೆ ಇರುತ್ತಿತ್ತು, ಬೀಗರು ಬಂದಾಗ ಅದು ಯಾಕೆ ಹೊರಗೆ ಬರುತ್ತಿರಲಿಲ್ಲ ಎಂದು ಯೋಚಿಸಿದವನಲ್ಲ.

ಅವರ ಬಗ್ಗೆ ಬಮ್ಮಿಗಟ್ಟಿ ಕಡೆಯ ನಮ್ಮ ಬೀಗರೊಬ್ಬರು ಹೇಳಿದ ಒಂದು ಸಂಗತಿ ಇದೆ. ಅಲ್ಲಿಯ ಒಬ್ಬ ರೈತನ ಟ್ರ್ಯಾಕ್ಟರೂ ಹೀಗೇ ಕಾಯುತ್ತಿತ್ತಂತೆ. ಅವನು ತೀರಿಹೋದ ತಂದೆಯ ಚಿತ್ರವನ್ನು ದೊಡ್ಡ ತಗಡಿನ ಮೇಲೆ ಬರೆಸಿ, ರೇಡಿಯೇಟರಿನ ಮುಂದಿನ ಜಾಳಿಗೆಗೆ ಅಡ್ಡಲಾಗಿ ಕೂರಿಸಿದ್ದ. ಗಾಳಿ ಒಳಗೆ ಹೋಗಲು ಜಾಗವೇ ಇಲ್ಲ. ತಗಡು ತೆಗೆ ಎಂದರೆ ಮಗನಿಗೆ ನೋವು. ಮಿಸ್ತ್ರಿಯವರು ಅದಕ್ಕೆ ಕೈ ಮುಗಿದು, "ನಿಮ್ಮ ಅಪ್ಪಾರನ್ನ ಧೂಳಿನಾಗ ಯಾಕ ನಿಲ್ಲಿಸೀರಿ? ಹಿರೇರು ಎತ್ತರದಾಗ ಇರಬೇಕ್ರಿ. ಮ್ಯಾಲಿನ ಛತ್ತಿಗೆ ಕೂಡಸ್ರಿ" ಎಂದರಂತೆ. ಮಗ ತಂದೆಯನ್ನು ಸೀಟಿನ ಮೇಲಿನ ನೆರಳಿನ ಛತ್ತಿಗೆ ಕೂರಿಸಿದ, ಟ್ರ್ಯಾಕ್ಟರು ಕಾಯುವುದು ಬಿಟ್ಟಿತು. ಕಾರಣ ಏನೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ, ತಂದೆಯ ಆಶೀರ್ವಾದ ಎನ್ನುತ್ತಾನಂತೆ.

ಈ ಸಂಗತಿ ಕೇಳಿ ಆಗ ಹೊಟ್ಟೆ ತುಂಬ ನಕ್ಕಿದ್ದೆ. ಈಗ ಅದೇ ನನ್ನನ್ನು ಕಾಡುತ್ತದೆ. ಎದುರಿನವರಿಗೆ ಮುಜುಗರವಾಗದಂತೆ ಮಾತನ್ನು ಪಕ್ಕಕ್ಕೆ ಸರಿಸುವುದು ಆ ಮನುಷ್ಯನಿಗೆ ಸಲೀಸಾಗಿತ್ತು. ಹಾಗಿದ್ದರೆ ನಮ್ಮ ಅಂಗಳದಲ್ಲಿ ಅವರು ಸರಿಸಿದ್ದು ಏನನ್ನು?

ಎರಡನೆಯ ಸಲ ಬಂದದ್ದು ರೇಡಿಯೇಟರ್ ಕೂರಿಸಲು. ಇಂಜಿನ್ನಿನಿಂದ ಸೋಡಾ ನೀರಿನ ಜೊತೆ ಸುಣ್ಣದ ನೀರಿನಂಥ ರಾಡಿ ಎರಡು ಬಕೆಟ್ ಬಂತು. ಕೆರೆಯಿಂದ ಕೊಡ ತುಂಬಿ ತಂದವಳು ಅವ್ವನೇ. ಓಣಿಯಲ್ಲಿ ಯಾರೋ ಕೇಳಿದ್ದಕ್ಕೆ, "ಟ್ರ್ಯಾಕ್ಟರಿಗೆ ಮೈ ಚಲೋ ಇಲ್ಲ" ಎಂದಳಂತೆ. ತಲೆಯ ಮೇಲೆ ಸೆರಗು ಹೊದ್ದು, ದೇವರಿಗೆ ಎರೆಯುವ ಹಾಗೆ ಸಣ್ಣ ಧಾರೆ ಮಾಡಿ ರೇಡಿಯೇಟರಿಗೆ ಸುರಿದಳು.

ಮೂರನೆಯ ಸಲ ಹೊಲದಲ್ಲಿ ಪರೀಕ್ಷೆ. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಕೂರಿಗೆ ಕಟ್ಟಿ ಕಡಲೆ ಬಿತ್ತಿದೆ. ಅವರು ಬಿಸಿಲಲ್ಲಿ ಬದುವಿನ ಮೇಲೆ ನಿಂತಿದ್ದರು. ಪ್ರತಿ ಸಾಲು ತಿರುಗಿ ಬಂದಾಗಲೂ ಮುಳ್ಳಿನ ಕಡೆ ನೋಡುತ್ತಿದ್ದವನು ನಾನು. ಅವರು ಇಂಜಿನ್ನಿನ ಸದ್ದು ಕೇಳುತ್ತಿದ್ದರು. ಮುಳ್ಳು ನಡುವಿನಿಂದ ಮೇಲೆ ಹೋಗಲಿಲ್ಲ. ಹದ ಇರುವಾಗಲೇ ಬಿತ್ತನೆ ಮುಗಿಯುತ್ತದೆ ಎಂದು ಖಾತ್ರಿಯಾದಾಗ ನನಗೆ ಅಪ್ಪ ನೆನಪಾಗಿ ಕಣ್ಣು ತುಂಬಿದವು. ಅವರಿಗೆ ಕಾಣಬಾರದೆಂದು ಧೂಳು ಒರೆಸುವವನಂತೆ ಮುಖ ಒರೆಸಿಕೊಂಡೆ. "ಧೂಳ ಭಾಳ ಐತಿ ಬಿಡ್ರಿ" ಎಂದು ಅವರು ಬೇರೆ ಕಡೆ ತಿರುಗಿದರು.

ಮನೆಗೆ ಬಂದು, ಇಂಜಿನ್ ತಣ್ಣಗಾದ ಮೇಲೆ, ಇಳಿದಷ್ಟು ನೀರನ್ನು ಕೆರೆಯ ಕೊಡದಿಂದ ತುಂಬಿದೆ. ಅರ್ಧ ಕೊಡ ಉಳಿಯಿತು. ಮಸಿ ಕೈಯಲ್ಲಿ ಮುಟ್ಟಿದ ಕೊಡ, ಒಳಗೆ ತರಬೇಡ ಎಂದಳು ಅವ್ವ. ನಾನು ಅದನ್ನು ಅಂಗಳದ ಕರಿಬೇವಿನ ಗಿಡಕ್ಕೆ ಸುರಿದೆ. ಮಿಸ್ತ್ರಿಯವರು ಗುಂಡಿ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ಚೀಲದಿಂದ ಒಂದು ಹಳೆಯ ಪ್ಲಾಸ್ಟಿಕ್ ಬಾಟಲಿ ತೆಗೆದು, ತಳದಲ್ಲಿದ್ದ ಎರಡು ಗುಟುಕು ಕುಡಿದು, ಅಲ್ಲಾಡಿಸಿ ನೋಡಿ, ಮತ್ತೆ ಚೀಲಕ್ಕೆ ಹಾಕಿಕೊಂಡರು. ನಾನು ನೋಡಿದೆ. ನೋಡಿದ್ದು ಚೆನ್ನಾಗಿ ನೆನಪಿದೆ. ಏನೂ ಅನ್ನಿಸಲಿಲ್ಲ ಎಂಬುದೂ ನೆನಪಿದೆ.

ಆಮೇಲೆ ಹತ್ತು ವರ್ಷ ಟ್ರ್ಯಾಕ್ಟರು ಕಾಯಲಿಲ್ಲ, ನಾವು ಅವರನ್ನು ಕರೆಯಲಿಲ್ಲ. ಸಂಶಿಯಲ್ಲಿ ಎದುರಾದರೆ, "ಕೂಸು ಹೆಂಗೈತ್ರಿ? ಸಿಹಿ ನೀರ ತಪ್ಪಸಬ್ಯಾಡ್ರಿ" ಎನ್ನುತ್ತಿದ್ದರು. ಪ್ರತಿ ವರ್ಷ ಗಡಸು ನೀರಿನ ಪಾಠ ಬಂದಾಗ ನಾನು ಮಕ್ಕಳಿಗೆ ಅವರ ಕಥೆ ಹೇಳುತ್ತಿದ್ದೆ. ಒಬ್ಬ ಜಾಣ ಮಿಸ್ತ್ರಿ ಇದ್ದಾರೆ, ನೀರನ್ನು ನಾಲಿಗೆಯಿಂದಲೇ ಪರೀಕ್ಷೆ ಮಾಡುತ್ತಾರೆ ಎಂದು.

ಹೋದ ತಿಂಗಳು ಬೀಜದ ಅಂಗಡಿಯಲ್ಲಿ ಸುದ್ದಿ ತಿಳಿದು ಅವರ ಮನೆಗೆ ಹೋದೆ. ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಚಿತ್ರ, ಮೊಳೆಗೆ ಇಸ್ತ್ರಿ ಮಾಡಿದ ಒಂದು ಬಿಳಿ ಅಂಗಿ. ಅವರ ಹೆಂಡತಿ ಚಾಪೆ ಹಾಸಿದರು. ನಮ್ಮ ಕಡೆ ಮನೆಗೆ ಬಂದವರಿಗೆ ಕೇಳದೆಯೇ ನೀರು ತಂದಿಡುತ್ತಾರೆ. ಆಕೆ ಬಾಗಿಲಲ್ಲಿ ನಿಂತು, "ನೀರ ಕುಡೀತೀರೇನ್ರಿ ಮಾಸ್ತರ್ರ?" ಎಂದು ಕೇಳಿದರು. ಕುಡಿಯುತ್ತೇನೆ ಎಂದೆ. ಸ್ಟೀಲ್ ತಂಬಿಗೆಯಲ್ಲಿ ತಂದುಕೊಟ್ಟರು. ಪೂರ್ತಿ ಕುಡಿದೆ. ಕುಡಿದದ್ದನ್ನು ದೊಡ್ಡ ಕೆಲಸ ಮಾಡಿದವನಂತೆ ನೆನಪಿಟ್ಟುಕೊಂಡಿದ್ದೇನಲ್ಲ, ಅದಕ್ಕೆ ಈಗ ನಾಚಿಕೆಯಾಗುತ್ತದೆ.

ಅವರ ನಾಲಿಗೆಯ ಜಾಣತನವನ್ನು ನಾನು ಹೊಗಳಿದೆ. ಹೆಂಡತಿ ಸಣ್ಣಗೆ ನಕ್ಕರು.

"ಆ ಸವಳ ನೀರ ನುಂಗಿ ನುಂಗಿ ಹೊಟ್ಟಿ ಕೆಡಿಸಿಕೊಂಡ ಬರತಿದ್ರು ನೋಡ್ರಿ. ಎಷ್ಟ ಹೇಳಿದ್ರೂ ಕೇಳಲಿಲ್ಲ. ಕುಬಿಹಾಳದಾಗ ನನ್ನ ತಮ್ಮಂದೂ ಟ್ರ್ಯಾಕ್ಟರ್ ಐತ್ರಿ. ಅವನ ಮನ್ಯಾಗೂ ಮೊದ್ಲ ಅದನ್ನ ಕೇಳತಿದ್ರು."

ನನಗೆ ಎದೆ ಹಗುರವಾಯಿತು. ಸ್ವಂತ ಭಾವಮೈದುನನ ಮನೆಯಲ್ಲೂ ಅದೇ ನೀರು ಕೇಳುತ್ತಿದ್ದರು ಎಂದರೆ ಅದು ಕಸುಬಿನ ಪರೀಕ್ಷೆಯೇ, ಬೇರೇನೂ ಅಲ್ಲ.

"ಅದನ್ನ ಉಗುಳಿ, ಆಮ್ಯಾಲೆ 'ತಂಗಿ, ಕುಡಿಯೂ ನೀರ ಕೊಡವಾ' ಅಂತ ತಮ್ಮನ ಹೇಣತಿಗೆ ಹೇಳತಿದ್ರು" ಎಂದು ಆಕೆ ಮುಂದುವರಿಸಿದರು. "ಹೊರಗಿನವರ ಮನ್ಯಾಗ ಕೇಳತಿರಲಿಲ್ಲ. ಬ್ಯಾಸಗಿ ಇದ್ರ ಎರಡ ಬಾಟ್ಲಿ ಒಯ್ಯತಿದ್ರು."

"ಯಾಕ ಕೇಳತಿರಲಿಲ್ಲ?" ಎಂದೆ. ಕೇಳಬಾರದಿತ್ತು.

"ನನಗ ಹೆಂಗ ಗೊತ್ತಾಗಬೇಕ್ರಿ? ನಿಮಗ ಗೊತ್ತಿರತೈತಿ" ಎಂದರು. ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ತಂಬಿಗೆ ಎತ್ತಿಕೊಂಡು ಒಳಗೆ ಹೋದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನಾವು ಕೊಡುವುದಿಲ್ಲವೆಂದು ಅವರು ಕೇಳಲಿಲ್ಲವೋ, ಅವರು ಕೇಳಲಿಲ್ಲವೆಂದು ನಾವು ಕೊಡಲಿಲ್ಲವೋ. ಆ ದಿನ ಅವರು ಒಳಗಿನ ನೀರು ಕೇಳಿದ್ದರೆ ಅವ್ವ ಯಾವ ಲೋಟದಲ್ಲಿ ತರುತ್ತಿದ್ದಳು? ನಾನು ಏನಾದರೂ ಅನ್ನುತ್ತಿದ್ದೆನೋ, ಸುಮ್ಮನಿರುತ್ತಿದ್ದೆನೋ? ಅವರು ಅದನ್ನು ನಮ್ಮಿಬ್ಬರಿಗೂ ಎದುರಾಗದಂತೆ ನೋಡಿಕೊಂಡರೋ, ಅಥವಾ ನಮ್ಮ ಉಸಾಬರಿಯೇ ಬೇಡವೆಂದು ದೂರ ಉಳಿದರೋ? ಯಾವುದನ್ನೂ ಖಾತ್ರಿಯಾಗಿ ಹೇಳಲಾರೆ. ಕೈ ಇಟ್ಟು ನೋಡಿ ಹೇಳಬಲ್ಲವರು ಈಗಿಲ್ಲ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವನಿಗೆ ಈಗ ವಯಸ್ಸಾಗಿದೆ, ಕಿವಿ ಮಂದ. ಎರಡು ಸಲ ಹೇಳಬೇಕಾಯಿತು. ಕೇಳಿ ಕಟ್ಟೆಯ ಮೇಲೆ ಕುಳಿತುಕೊಂಡಳು. ಕಣ್ಣಲ್ಲಿ ನೀರು ಬಂದಿತ್ತು. ಆ ನೀರು ಸುಳ್ಳಲ್ಲ.

"ನನಗೇನ ಗೊತ್ತಪಾ? ಬಾಯಿ ಬಿಟ್ಟ ಕೇಳಿದ್ರ ಕೊಡತಿದ್ದೆ. ಕೇಳಲಿಲ್ಲಲ್ಲೋ ಆ ಪುಣ್ಯಾತ್ಮ" ಎಂದಳು.

ಹೌದವ್ವಾ, ಕೇಳಲಿಲ್ಲ ಎಂದು ಹೇಳಲು ಹೊರಟವನ ಕಣ್ಣು ಅಂಗಳದ ಮೂಲೆಗೆ ಹೋಯಿತು. ಅಲ್ಲಿ, ಅಂದು ಅರ್ಧ ಕೊಡ ಕೆರೆಯ ನೀರು ಕುಡಿದ ಕರಿಬೇವಿನ ಗಿಡ ಈಗ ನನಗಿಂತ ಎತ್ತರ ಬೆಳೆದು ನಿಂತಿದೆ. ಅದೂ ಕೇಳಿರಲಿಲ್ಲ.